ಐನ್‌ಮನೆಯ ಮಾಡು, ಪಾಯಿಂಟ್ ಕ್ಲೌಡ್ ಮತ್ತು ಯಾವುದನ್ನು ಸೊಟ್ಟಗೇ ಬಿಡಬೇಕು ಅನ್ನುವ ಪ್ರಶ್ನೆ

ಕೊಡಗಿನ ನಾಪೋಕ್ಲು ಕಡೆಯ ಒಂದು ಒಕ್ಕದ (ಮನೆತನದ) ಐನ್‌ಮನೆ. ಮನೆ ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಮಾಡಿನ, ಅಂದರೆ ಚಾವಣಿಯ, ಮರ ಅಲ್ಲಲ್ಲಿ ಹಾಳಾಗಿತ್ತು. ಹೆಂಚು ಇಳಿಸಿ, ಕೆಟ್ಟ ಮರ ಬದಲಿಸಿ, ಮಳೆ ಹಿಡಿಯುವ ಮೊದಲು ಮತ್ತೆ ಹೆಂಚು ಹೊದಿಸಬೇಕು. ಬಿಚ್ಚುವುದಕ್ಕೆ ಮುಂಚೆ ಇಡೀ ಮನೆಯನ್ನು ಲೇಸರ್ ಸ್ಕ್ಯಾನ್ ಮಾಡಿ, ಅದರಿಂದ ಸಿಗುವ ಅಳತೆ ಚುಕ್ಕಿಗಳ ರಾಶಿಯ (ಪಾಯಿಂಟ್ ಕ್ಲೌಡ್) ಮೇಲೆ ರೆವಿಟ್ ಅನ್ನುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಕಟ್ಟಿಕೊಡುವುದು ನಮ್ಮ ಪಾಲಿನ ಕೆಲಸ. ಇಂಥ ಕೆಲಸ ಮಾಡುವವರು ಈಗ ಕೊಡಗಿನಲ್ಲೂ ಇದ್ದಾರೆ, ಆದರೆ ಹಳೇ ಮಣ್ಣಿನ ಗೋಡೆಯ ಮನೆಗೆ ಇದು ಹೇಗೆ ಹೊಂದುತ್ತದೆ ಅಂತ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹೊರಗಿನವರಿಗೆ ಎರಡು ಮಾತು. ಐನ್‌ಮನೆ ಅಂದರೆ ಒಂದು ಕೊಡವ ಒಕ್ಕದ ಮೂಲ ಮನೆ. ಒಕ್ಕದವರೆಲ್ಲ ಬೇರೆ ಬೇರೆ ಮನೆ ಕಟ್ಟಿಕೊಂಡಿರುತ್ತಾರೆ, ಬೆಂಗಳೂರು ಮೈಸೂರಿನಲ್ಲಿರುತ್ತಾರೆ, ಆದರೆ ಪುತ್ತರಿ ಸುಗ್ಗಿ ಹಬ್ಬಕ್ಕೆ, 'ಕಾರಣ' ಅನ್ನುವ ಹಿರಿಯರ ಪೂಜೆಗೆ ಇಲ್ಲಿ ಸೇರಬೇಕು. ಮುಂದೆ ಕೈಯಾಲೆ (ಜಗಲಿ), ಅದರ ಕಂಬಗಳ ನಡುವೆ ಕೂರಲು ದಪ್ಪ ಹಲಗೆಯ ಐಮರ, ಒಳಗೆ ತೂಗುದೀಪ ಇರುವ ನೆಲ್ಲಕ್ಕಿ ನಡುಬಾಡೆ (ನಡುಮನೆ), ನೈಋತ್ಯ ಮೂಲೆಗೆ ಹಿರಿಯರ ಕೋಣೆ ಕನ್ನಿಕೋಂಬರೆ. ಈ ಮನೆಗೆ ನಡುವೆ ಬಾನು ಕಾಣುವ ಅಂಗಳವೂ ಇದೆ. ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಮಾಡಿಗೆ ಮಂಗಳೂರು ಹೆಂಚು. ಮೊದಲು ಹುಲ್ಲಿನ ಮಾಡು ಇತ್ತಂತೆ.

ಮೊದಲ ದಿನವೇ ಮೂರು ಜನರಿಂದ ಮೂರು ಬೇಡಿಕೆ ಬಂತು. ಒಕ್ಕದ ಹಿರಿಯರಾದ ಪಟ್ಟೆದಾರ ಅಂಕಲ್‌ಗೆ ಬೇಕಿದ್ದದ್ದು ಮಾಡು, ಅಷ್ಟೇ. "ಮೇ ಮುಗಿಯುವುದರೊಳಗೆ ಹೆಂಚು ಮೇಲಿರಬೇಕು, ಉಳಿದದ್ದು ನಿಮ್ಮಿಷ್ಟ" ಅಂದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ತಮ್ಮನ ಮಗನಿಗೆ ಕಂಬದ ಕೆತ್ತನೆ, ಬಾಗಿಲ ಮೊಳೆ ಸಮೇತ ಎಲ್ಲವೂ ಮಾಡೆಲ್‌ನಲ್ಲಿ ಬೇಕಿತ್ತು. ಮನೆ ನೋಡಿಕೊಳ್ಳುವ ಆಂಟಿ ಬೇರೆಯದೇ ಹೇಳಿದರು. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದು ಎಲ್ಲರಿಗೂ ಗೊತ್ತು. ಈ ಮನೆಗೆ ಏನೂ ಆಗಲಿಲ್ಲ, ಆದರೆ ಗುಡ್ಡದ ಕಡೆಯ ಗೋಡೆಯಲ್ಲಿ ಬಿರುಕು ಕಾಣಿಸಿಕೊಂಡದ್ದು ಆ ಮಳೆಗಾಲದ ನಂತರವೇ. "ಅದು ಬೆಳೀತಾ ಇದೆಯಾ ಇಲ್ವಾ ಅಂತ ಹೇಳಿ, ಸಾಕು" ಅಂದರು.

ಮೂರೂ ನ್ಯಾಯವಾದ ಬೇಡಿಕೆಯೇ. ಆದರೆ ಒಂದೇ ಮಾಡೆಲ್‌ನಲ್ಲಿ ಮೂರನ್ನೂ ತುರುಕಲು ಹೋದರೆ ಒಂದೂ ಸರಿಯಾಗಿ ಆಗುವುದಿಲ್ಲ. ಸ್ಕ್ಯಾನ್ ಮಾಡುವುದು ಸುಲಭ, ಮಾಡೆಲ್ ಕಟ್ಟುವುದು ನಿಧಾನದ ಕೆಲಸ, ದುಡ್ಡು ಹೋಗುವುದೂ ಅಲ್ಲೇ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಮನೆಯಲ್ಲಿ ನೀವು ಗರಗಸ ಹಾಕುವುದು ಎಲ್ಲಿಗೆ? ಮಾಡಿನ ಮರಕ್ಕೆ. ಹಾಗಿದ್ದರೆ ಅಳತೆ ಬಿಗಿಯಾಗಿ ಬೇಕಾದದ್ದು ಅಲ್ಲಿ. ಗೋಡೆಯನ್ನು ಯಾರೂ ಮುಟ್ಟುವುದಿಲ್ಲ, ಅದು ಮಾಡೆಲ್‌ನಲ್ಲಿ ಸರಳವಾಗಿದ್ದರೆ ಸಾಕು. ಕೆತ್ತನೆಗೆ ಕ್ಲೌಡ್ ಮತ್ತು ಫೋಟೊ ಸಾಕು. ಬಿರುಕಿನದು ಬೇರೆಯೇ ಲೆಕ್ಕ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಟೇಪ್ ಹಿಡಿದು ಅಳೆದರೆ ಆಗುವುದಿಲ್ವಾ ಅಂತ ಪಟ್ಟೆದಾರರು ಕೇಳಿದರು. ಅವರ ಹತ್ತಿರ ಹಿಂದೆ ಯಾರೋ ಟೇಪಿನಲ್ಲಿ ಅಳೆದು ಬರೆದ ನಕ್ಷೆ ಒಂದಿತ್ತು. ನೋಡಲು ಅಚ್ಚುಕಟ್ಟು, ಎಲ್ಲ ಮೂಲೆಯೂ 90 ಡಿಗ್ರಿ. ಆಮೇಲೆ ಸ್ಕ್ಯಾನ್‌ನಲ್ಲಿ ನೋಡಿದರೆ ಅಂಗಳದ ಒಂದು ಮೂಲೆ 88.6 ಡಿಗ್ರಿ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ 8 ಮೀಟರ್ ಗೋಡೆಯ ಆ ತುದಿಗೆ ಹೋಗುವಾಗ ಸುಮಾರು 20 ಸೆಂಟಿಮೀಟರ್ ಆಚೆ ಇರುತ್ತೀರಿ. ಆ ನಕ್ಷೆ ನಂಬಿ ಮೂಲೆಯ ಪಕಾಸು (ಮಾಡಿನ ಇಳಿಜಾರಿನ ಮರ) ಕೊಯ್ದರೆ ಮರ ದಂಡ.

ಸ್ಕ್ಯಾನರ್ ಬಾಡಿಗೆಗೆ ತಂದದ್ದು, ಲೈಕಾ ಬಿಎಲ್‌ಕೆ360ರ ಮೊದಲ ಮಾದರಿ. ಸೆಕೆಂಡಿಗೆ 3,60,000 ಚುಕ್ಕಿ, 10 ಮೀಟರ್ ದೂರದಲ್ಲಿ 6 ಮಿ.ಮೀ. ನಿಖರತೆ ಅಂತ ಕಂಪನಿಯ ಲೆಕ್ಕ. ಇದಕ್ಕಿಂತ ಚುರುಕಾದ ಯಂತ್ರಗಳಿವೆ, ಈ ಮನೆಗೆ ಅವು ಬೇಕಿರಲಿಲ್ಲ. ಯಂತ್ರ ಅವಕೆಂಪು ಲೇಸರ್ ಬಿಟ್ಟು, ಅದು ತಾಗಿ ವಾಪಸ್ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಬೆಳಕು 1 ನ್ಯಾನೊಸೆಕೆಂಡ್‌ನಲ್ಲಿ ಓಡುವುದು ಸುಮಾರು 30 ಸೆಂ.ಮೀ., ಅದರಲ್ಲಿ ಮಿಲಿಮೀಟರ್ ಹಿಡಿಯಬೇಕು ಅಂದರೆ ಎಷ್ಟು ಸೂಕ್ಷ್ಮ ಅಂತ ನೀವೇ ಯೋಚಿಸಿ. ಕೊನೆಗೆ ಸಿಗುವುದು ಕಣದಲ್ಲಿ ಹರಡಿದ ಕಾಫಿ ಬೀಜದ ಹಾಗೆ ಬರೀ ಚುಕ್ಕಿಗಳು. ಇದು ಗೋಡೆ, ಇದು ಕಂಬ ಅಂತ ಯಾವ ಚುಕ್ಕಿಯೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಮಾಡೆಲ್ ಮಾಡುವವರು.

ಕೆಲಸ ಇಟ್ಟುಕೊಂಡದ್ದು ಫೆಬ್ರವರಿಯಲ್ಲಿ. ಮಳೆಗಾಲದಲ್ಲಿ ಕೊಡಗಿನಲ್ಲಿ ಹೊರಗಡೆ ಸ್ಕ್ಯಾನ್ ಮಾಡುವ ಆಸೆಯೇ ಬೇಡ. ಮಳೆಹನಿಗೆ, ದಟ್ಟ ಮಂಜಿಗೆ ಲೇಸರ್ ತಾಗಿ ಗಾಳಿಯಲ್ಲೇ ಚುಕ್ಕಿ ಬೀಳುತ್ತದೆ. ಒದ್ದೆ ಹೆಂಚು, ಒದ್ದೆ ಕಲ್ಲಿನಿಂದ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ. ಫೆಬ್ರವರಿಯಲ್ಲೂ ಬೆಳಿಗ್ಗೆ ಇಬ್ಬನಿ ಆರುವವರೆಗೆ ನಾವು ಒಳಗಡೆ ಕೆಲಸ ಮಾಡಿ, ಬಿಸಿಲು ಏರಿದ ಮೇಲೆ ಹೊರಗೆ ಹೋದೆವು. ಆಂಟಿಗೆ ಒಂದೇ ಕೋರಿಕೆ ಇಟ್ಟಿದ್ದೆ: ಅಂಗಳ ತೊಳೆಯುವುದು ಸಂಜೆಗೆ ಇರಲಿ. ಅವರು ಬೆಳಿಗ್ಗೆಯೇ ತೊಳೆದು, ನಗುತ್ತಾ ಕಾಫಿ ಕೊಟ್ಟರು. ಕಾದೆವು.

ಕೈಯಾಲೆಯಲ್ಲಿ ಒಂದು ದೊಡ್ಡ ಕನ್ನಡಿ. ಕನ್ನಡಿಗೆ ತಾಗಿದ ಲೇಸರ್ ತಿರುಗಿ ಅಂಗಳಕ್ಕೆ ಹೋಗಿ ಬರುತ್ತದೆ, ಯಂತ್ರಕ್ಕೆ ಮಾತ್ರ ಕನ್ನಡಿಯ ಹಿಂದೆ ಇನ್ನೊಂದು ಅಂಗಳ ಇದ್ದಂತೆ ಕಾಣುತ್ತದೆ. ಹಾಗಾಗಿ ಅದಕ್ಕೆ ಹಳೇ ಪಂಚೆ ಹೊದಿಸಿದೆವು. ನಡುಬಾಡೆಯ ಗೋಡೆ ಮೇಲೆ ಹಿರಿಯರ ಫೋಟೊಗಳು, ಎಲ್ಲದಕ್ಕೂ ಗಾಜು. ಅವಕ್ಕೂ ಬಟ್ಟೆ ಹಾಕೋಣ ಅಂತ ನನ್ನ ಜೊತೆಯ ಹುಡುಗ ಕೈ ಹಾಕಿದ. "ಬೇಡ ಮಗ, ಹಿರಿಯರ ಮುಖ ಮುಚ್ಚಬಾರದು" ಅಂದರು ಆಂಟಿ. ಸರಿ, ಹಾಗೇ ಬಿಟ್ಟೆವು. ಗೋಡೆಯ ಆಚೆ ಬಿದ್ದ ಸುಳ್ಳು ಚುಕ್ಕಿಗಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿದರಾಯಿತು, ಅದೇನು ದೊಡ್ಡ ಕೆಲಸವಲ್ಲ.

ಕನ್ನಿಕೋಂಬರೆಯೊಳಗೆ ಯಂತ್ರ ಇಡುವುದು ಬೇಡ ಅಂದರು ಪಟ್ಟೆದಾರರು. ಹೊಸ್ತಿಲ ಹೊರಗೆ ನಿಲ್ಲಿಸಿ ಬಾಗಿಲಿನಿಂದ ಕಂಡಷ್ಟು ಸಾಕು ಅನ್ನುವ ಯೋಚನೆಯೂ ಬಂತು, ಅದಕ್ಕೂ ಅವರಿಗೆ ಮನಸ್ಸಿರಲಿಲ್ಲ. ಬಾಗಿಲು ಹಾಕಿದೆವು. ಹಾಗಾಗಿ ಕ್ಲೌಡ್‌ನಲ್ಲಿ ಆ ಕೋಣೆ ಖಾಲಿ. ಮಾಡೆಲ್‌ನಲ್ಲಿ ಸುತ್ತಲ ಗೋಡೆಯ ಹೊರಮೈ ಮಾತ್ರ ಇದೆ, ಒಳಗೆ ಗೀರು ಹಾಕಿ "ಅಳತೆ ತೆಗೆದಿಲ್ಲ" ಅಂತ ಬರೆದಿದೆ. ಬೆಂಗಳೂರಿನ ಹುಡುಗನಿಗೆ, ಅಂದರೆ ಪಟ್ಟೆದಾರರ ತಮ್ಮನ ಮಗನಿಗೆ, ಇದು ಅರ್ಧಂಬರ್ಧ ಕೆಲಸ ಅನ್ನಿಸಿತು, ಪಕ್ಕದ ಕೋಣೆಯ ಅಳತೆ ನೋಡಿ ತುಂಬಿಸಿಬಿಡಿ ಅಂದ. ನಾನು ಒಪ್ಪಲಿಲ್ಲ. ಅಳೆಯದ ಗೋಡೆಯನ್ನು ಅಳೆದ ಗೋಡೆಯ ಪಕ್ಕ ಅದೇ ಗೆರೆಯಲ್ಲಿ ಬರೆದರೆ ಹತ್ತು ವರ್ಷದ ನಂತರ ನೋಡುವವನಿಗೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಈಗ ತಾಂತ್ರಿಕವಾಗಿ ಮುಖ್ಯವಾದ ಒಂದು ವಿಷಯ. ಸ್ಕ್ಯಾನರ್ ಒಂದು ಜಾಗದಿಂದ ಕಾಣುವುದನ್ನು ಮಾತ್ರ ಹಿಡಿಯುತ್ತದೆ. ಬೇರೆ ಬೇರೆ ಜಾಗದ ಸ್ಕ್ಯಾನ್‌ಗಳನ್ನು ಆಮೇಲೆ ಜೋಡಿಸಬೇಕು, ಇದಕ್ಕೆ ರಿಜಿಸ್ಟ್ರೇಷನ್ ಅನ್ನುತ್ತಾರೆ. ಎರಡು ಸ್ಕ್ಯಾನ್‌ಗಳಿಗೂ ಕಾಣುವ ಜಾಗ ಸಾಕಷ್ಟಿದ್ದರೆ ಸಾಫ್ಟ್‌ವೇರ್ ತಾನೇ ಹೊಂದಿಸುತ್ತದೆ. ತೊಂದರೆ ಬರುವುದು ದಪ್ಪ ಗೋಡೆಯ ಮನೆಯಲ್ಲಿ. ಗೋಡೆಯ ಒಳಮೈ ಒಂದು ಸ್ಕ್ಯಾನ್‌ನಲ್ಲಿ, ಹೊರಮೈ ಇನ್ನೊಂದರಲ್ಲಿ. ಎರಡಕ್ಕೂ ಕೊಂಡಿ ಅಂದರೆ ಒಂದು ಚಿಕ್ಕ ಬಾಗಿಲು, ಒಂದೆರಡು ಕಿಟಕಿ. ಅಂದರೆ ಗೋಡೆಯ ದಪ್ಪವನ್ನು ಯಂತ್ರ ಅಳೆಯುವುದೇ ಇಲ್ಲ! ಜೋಡಣೆ ಎಷ್ಟು ಸರಿಯೋ ದಪ್ಪವೂ ಅಷ್ಟೇ ಸರಿ. ಮುಂಬಾಗಿಲ ಚೌಕಟ್ಟಿನ ಹತ್ತಿರ ಟೇಪ್ ಹಿಡಿದರೆ ಗೋಡೆ 480 ಮಿ.ಮೀ. ಸಾಫ್ಟ್‌ವೇರ್ ಸುಮ್ನೆ ತನ್ನಷ್ಟಕ್ಕೆ ಜೋಡಿಸಿದಾಗ ಬಂದದ್ದು 502. ಒಳಗೂ ಹೊರಗೂ ಕಾಣುವಂತೆ ಬಾಗಿಲು, ಕಿಟಕಿಗಳಲ್ಲಿ ಕಪ್ಪು ಬಿಳಿ ಚೌಕದ ಟಾರ್ಗೆಟ್ ಹಾಳೆ ಅಂಟಿಸಿಯೇ ಸ್ಕ್ಯಾನ್ ಮಾಡಿದ್ದೆವು, ಅವುಗಳನ್ನು ಹಿಡಿದು ಮತ್ತೆ ಜೋಡಿಸಿದಾಗ 483. ಸಾಫ್ಟ್‌ವೇರ್ ಕೊಡುವ ವರದಿಯಲ್ಲಿ ಎರಡು ಸಲವೂ ದೋಷ ಕಡಿಮೆ ಅಂತಲೇ ಹಸಿರು ಬಣ್ಣ ಇತ್ತು. ಹಳೇ ಮನೆ ಸ್ಕ್ಯಾನ್ ಮಾಡುವವರು ಹಸಿರು ಬಣ್ಣ ನಂಬುವ ಮೊದಲು ಎರಡು ಮೂರು ಕಡೆ ಟೇಪ್ ಹಿಡಿದು ನೋಡಿ.

ಅಟ್ಟದ ಕೆಲಸ ಎಲ್ಲಕ್ಕಿಂತ ಕಷ್ಟ. ಅಡುಗೆಮನೆಯ ಹೊಗೆ ತಲೆಮಾರುಗಳಿಂದ ಹೋಗಿ ಅಲ್ಲಿಯ ತೊಲೆ, ಪಕಾಸು ಎಲ್ಲ ಕರಿ ಬಳಿದ ಹಾಗಿವೆ. ಮಸಿ ಲೇಸರ್ ಬೆಳಕನ್ನು ಹೀರಿಕೊಳ್ಳುತ್ತದೆ, ಚುಕ್ಕಿ ಕಡಿಮೆ ಬೀಳುತ್ತದೆ, ಬಿದ್ದದ್ದೂ ಅಲ್ಲಾಡಿದಂತಿರುತ್ತದೆ. ಹಾಗಾಗಿ ಅಲ್ಲಿ ಯಂತ್ರವನ್ನು ಹತ್ತಿರ ಹತ್ತಿರ ಇಟ್ಟು, ನಿಧಾನದ ಸೆಟ್ಟಿಂಗ್‌ನಲ್ಲಿ ತೆಗೆದೆವು. ತೊಲೆಗಳ ಮೇಲೆ ಹಲಗೆ ಹಾಸಿ ಯಂತ್ರ ಇಟ್ಟದ್ದು, ಒಬ್ಬರು ಕಾಲು ಬದಲಿಸಿದರೂ ಹಲಗೆ ಅಲುಗುತ್ತದೆ, ಅದಕ್ಕೆ ಗುಂಡಿ ಒತ್ತಿ ಎಲ್ಲರೂ ಏಣಿ ಇಳಿಯುವುದು, ಮುಗಿದ ಮೇಲೆ ಮತ್ತೆ ಹತ್ತುವುದು. ಹೆಂಚಿನ ಮೇಲ್ಮೈಗೆ ಡ್ರೋನ್ ತರಿಸಲಿಲ್ಲ, ಹೇಗೂ ಇಳಿಸುವ ಹೆಂಚು ತಾನೇ.

ಕ್ಲೌಡ್ ತೊಳೆಯುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಚುಕ್ಕಿಗಳನ್ನು ಇಡುವ ಇ57 ಅನ್ನುವ ಫೈಲ್ ಫಾರ್ಮ್ಯಾಟ್‌ನಲ್ಲಿ ಹೊರತೆಗೆದು, ಉಚಿತವಾಗಿ ಸಿಗುವ ಕ್ಲೌಡ್‌ಕಂಪೇರ್‌ನಲ್ಲಿ ಕಾಫಿ ಗಿಡ, ಓಡಾಡಿದ ನಾಯಿ, ಗಾಜಿನ ಹಿಂದಿನ ಸುಳ್ಳು ಚುಕ್ಕಿ ತೆಗೆದು, ಗೋಡೆ ಭಾಗವನ್ನು 5 ಮಿ.ಮೀ.ಗೆ ಒಂದು ಚುಕ್ಕಿಯಷ್ಟು ತೆಳುಮಾಡಿ, ಮಾಡಿನ ಮರದ ಭಾಗವನ್ನು ಮಾತ್ರ ಪೂರ್ತಿ ದಟ್ಟವಾಗಿ ಇಟ್ಟುಕೊಂಡು, ರೀಕ್ಯಾಪ್ ಅನ್ನುವ ಸಾಫ್ಟ್‌ವೇರ್ ಮೂಲಕ ರೆವಿಟ್‌ಗೆ ತಂದೆವು. ಒಂದು ಎಚ್ಚರಿಕೆ. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಹೇಳುವ ಯುಟಿಎಂ ಅಳತೆಯಲ್ಲಿ ಸರ್ವೆಯವರು ಕೊಟ್ಟರೆ ಕೊಡಗು ಬೀಳುವುದು 43ನೇ ವಲಯದಲ್ಲಿ, ಉತ್ತರದ ಅಂಕಿ 13 ಲಕ್ಷ ಮೀಟರ್ ದಾಟುತ್ತದೆ. ರೆವಿಟ್‌ಗೆ ತನ್ನ ಮೂಲ ಬಿಂದುವಿನಿಂದ ಸುಮಾರು 16 ಕಿಲೋಮೀಟರ್ ಒಳಗೆ ಕೆಲಸ ಮಾಡಿದರೆ ಮಾತ್ರ ನೆಮ್ಮದಿ. ಹಾಗಾಗಿ ಮನೆಯ ಮೆಟ್ಟಿಲ ಹತ್ತಿರ ಒಂದು ಬಿಂದುವನ್ನು ಸೊನ್ನೆ ಮಾಡಿಕೊಂಡು, ಭೂಮಿಯ ಅಳತೆಯನ್ನು ಬೇರೆಯಾಗಿ ಬರೆದಿಟ್ಟೆವು. ಆಮೇಲೆ ಕ್ಲೌಡ್‌ಗೆ ಪಿನ್ ಹಾಕಿಬಿಡಿ, ಯಾರ ಮೌಸೂ ತಾಗಬಾರದು.

ಈಗ ಗೋಡೆ. ಗುಡ್ಡದ ಕಡೆಯದು ಬುಡದಿಂದ ತಲೆಗೆ ಹೋಗುವಾಗ 3 ಮೀಟರ್ ಎತ್ತರದಲ್ಲಿ 55 ಮಿ.ಮೀ. ಹೊರಕ್ಕೆ ವಾಲಿದೆ. ನಡುವೆ ಸ್ವಲ್ಪ ಉಬ್ಬಿದೆ. ರೆವಿಟ್‌ನಲ್ಲಿ ವಾಲಿದ ಗೋಡೆ ಬರೆಯಬಹುದು, 2021ರ ಆವೃತ್ತಿಯಿಂದ ಆ ಸೌಲಭ್ಯ ಇದೆ. ಉಬ್ಬನ್ನೂ ಹೇಗೋ ಮಾಡಬಹುದು. ಆದರೆ ಯಾಕೆ? ಹಾಗೆ ಬರೆದ ಗೋಡೆಗೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ನಕ್ಷೆಯಲ್ಲಿ ಎಲ್ಲಿ ಕತ್ತರಿಸಿದರೆ ಎಷ್ಟು ಅಳತೆ ಅಂತ ಯಾರಿಗೂ ಹೊಳೆಯುವುದಿಲ್ಲ, ಮತ್ತು ಅಷ್ಟು ಕಷ್ಟಪಟ್ಟರೂ ಕ್ಲೌಡ್‌ನಷ್ಟು ನಿಜ ಅದರಲ್ಲಿ ಇರುವುದಿಲ್ಲ. ನಾವು ಗೋಡೆಯನ್ನು ನೇರವಾಗಿ, ನೆಲದಿಂದ 1 ಮೀಟರ್ ಎತ್ತರದ ಅಳತೆಗೆ ಬರೆದೆವು. ಅದರ ಜೊತೆಗೆ ಮಾಡೆಲ್ ಗೋಡೆಗೂ ಚುಕ್ಕಿಗಳಿಗೂ ಎಲ್ಲಿ ಎಷ್ಟು ವ್ಯತ್ಯಾಸ ಅಂತ ತೋರಿಸುವ ಬಣ್ಣದ ಚಿತ್ರ ಒಂದನ್ನು ಪ್ರತಿ ಗೋಡೆಗೂ ತೆಗೆದು ಕೊಟ್ಟೆವು. ಕೆಂಪು ಇರುವ ಕಡೆ ಹೊರಕ್ಕೆ, ನೀಲಿ ಇರುವ ಕಡೆ ಒಳಕ್ಕೆ. ಆಂಟಿಗೆ ಮಾಡೆಲ್‌ಗಿಂತ ಇದೇ ಜಾಸ್ತಿ ಅರ್ಥವಾಯಿತು.

ಇದನ್ನು ಒಪ್ಪಂದದಲ್ಲಿ ಮೊದಲೇ ಬರೆಯಬೇಕು. ಅಮೆರಿಕದ ಯುಎಸ್‌ಐಬಿಡಿ ಸಂಸ್ಥೆಯ ನಿಖರತೆಯ ಮಟ್ಟಗಳು (ಎಲ್‌ಒಎ) ಇದಕ್ಕೆ ಅನುಕೂಲ. ಅದರಲ್ಲಿ ಎಲ್‌ಒಎ20 ಅಂದರೆ 15ರಿಂದ 50 ಮಿ.ಮೀ., ಎಲ್‌ಒಎ30 ಅಂದರೆ 5ರಿಂದ 15 ಮಿ.ಮೀ. ಅಳೆದದ್ದು ಎಷ್ಟು ನಿಖರ, ಮಾಡೆಲ್‌ನಲ್ಲಿ ತೋರಿಸಿದ್ದು ಎಷ್ಟು ನಿಖರ, ಇವೆರಡನ್ನೂ ಅದು ಬೇರೆ ಬೇರೆಯಾಗಿ ಹೇಳಿಸುತ್ತದೆ. ನಮ್ಮ ಹಾಳೆಯಲ್ಲಿ ಹೀಗಿತ್ತು: ಎಲ್ಲವನ್ನೂ 30ರ ಮಟ್ಟಕ್ಕೆ ಅಳೆದಿದ್ದೇವೆ, ಮಾಡಿನ ಮರವನ್ನು 30ರ ಮಟ್ಟಕ್ಕೇ ತೋರಿಸಿದ್ದೇವೆ, ಗೋಡೆ, ನೆಲವನ್ನು ಸಾಮಾನ್ಯವಾಗಿ 20ಕ್ಕೆ, ಗುಡ್ಡದ ಕಡೆಯ ಗೋಡೆಯ ತಲೆ ಅದಕ್ಕೂ ಹೊರಗೆ. "ಎಲ್ಲವೂ ಆ್ಯಸ್-ಬಿಲ್ಟ್" (ಕಟ್ಟಿದ್ದು ಇದ್ದ ಹಾಗೇ) ಅಂತ ಒಂದೇ ಮಾತಲ್ಲಿ ಬರೆದುಕೊಡುವವರಿದ್ದಾರೆ. ಅದು ಏನನ್ನೂ ಹೇಳದ ಮಾತು.

ಬೆಂಗಳೂರಿನ ಹುಡುಗ ಒಂದು ಸಾಫ್ಟ್‌ವೇರ್ ತೋರಿಸಿದ, ಕ್ಲೌಡ್ ಕೊಟ್ಟರೆ ಗೋಡೆ ತಾನೇ ಗುರುತಿಸುತ್ತದೆ ಅಂತ. ಹೊಸ ಆಫೀಸ್ ಕಟ್ಟಡಕ್ಕೆ ಅಂಥವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಇಲ್ಲಿ ಅದು ಒಂದು ಗೋಡೆಯನ್ನು ಮೂರು ತುಂಡು ಮಾಡಿತು, ಐಮರದ ಹಲಗೆಯನ್ನು ನೆಲ ಅಂತ ತಿಳಿಯಿತು. ಅವನೇ ನಕ್ಕು ಲ್ಯಾಪ್‌ಟಾಪ್ ಮುಚ್ಚಿದ.

ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಕೂತಾಗ ನನಗೆ ತುಂಬ ಖುಷಿ ಕೊಟ್ಟ ವಿಷಯ ಸಿಕ್ಕಿತು. ನಡುಬಾಡೆಯ ಒಳ ಉದ್ದ 5,770 ಮಿ.ಮೀ., ಅಗಲ 3,615. ಈ ಸಂಖ್ಯೆಗಳಿಗೆ ತಲೆಬುಡ ಇಲ್ಲ ಅನ್ನಿಸುತ್ತದೆ ಅಲ್ವಾ? ಕೇರಳದ ಕಡೆಯ ಆಚಾರಿಗಳ ಕೋಲು ಅಂದರೆ 24 ಅಂಗುಲ, ಸುಮಾರು 720 ಮಿ.ಮೀ. ಭಾಗಿಸಿ ನೋಡಿ: 8 ಕೋಲು, 5 ಕೋಲು. ಮಲಬಾರಿನಿಂದ ಬಂದ ಆಚಾರಿಗಳು ಕಟ್ಟಿದ ಮನೆ ಅಂತ ಒಕ್ಕದವರು ಹೇಳುತ್ತಿದ್ದದ್ದಕ್ಕೆ ಇದು ಹೊಂದುತ್ತದೆ. ಹಿಂದಿನ ಅಡುಗೆಮನೆ ಮಾತ್ರ ಕೋಲಿಗೆ ಬಗ್ಗಲೇ ಇಲ್ಲ. ಅದು 4,265ಕ್ಕೆ 3,050, ಅಂದರೆ 14 ಅಡಿಗೆ 10 ಅಡಿ! ಅಡಿ ಪಟ್ಟಿ ಹಿಡಿದವರು ಆಮೇಲೆ ಸೇರಿಸಿದ್ದು ಅಂತ ನನ್ನ ಊಹೆ. ಪಟ್ಟೆದಾರರನ್ನು ಕೇಳಿದರೆ, "ಹೌದು, ಅಡುಗೆಮನೆ ನಮ್ಮ ಅಜ್ಜನ ಕಾಲದ್ದು" ಅಂದರು. ಗುಡ್ಡದ ಕಡೆಯ ಬಿರುಕು ಇರುವುದು ಸರಿಯಾಗಿ ಹಳೇ ಗೋಡೆಗೂ ಅಡುಗೆಮನೆಯ ಗೋಡೆಗೂ ಸೇರುವ ಜಾಗದಲ್ಲಿ. ಎರಡು ಗೋಡೆಗೂ ಒಳಗೆ ಬಂಧ ಇಲ್ಲದಿದ್ದರೆ ಅಲ್ಲಿ ಬಿಡುವುದು ಸಹಜ. ಇದರಿಂದ ಗುಡ್ಡದ ಭಯ ಪೂರ್ತಿ ಹೋಯಿತು ಅಂತಲ್ಲ, ಆದರೆ ಎಂಜಿನಿಯರ್ ಬಂದು ನೋಡುವಾಗ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಯಿತು.

ಮಾಡಿಗೆ ರೆವಿಟ್‌ನ ರೂಫ್ ಟೂಲ್ ಬಳಸಲಿಲ್ಲ. ಅದರಲ್ಲಿ ಒಂದೊಂದು ಬದಿಗೆ ಬೇರೆ ಬೇರೆ ಇಳಿಜಾರು ಕೊಡಬಹುದು, ಆದರೆ ಪ್ರತಿ ಬದಿಯೂ ಸಮತಟ್ಟು ಅಂದುಕೊಳ್ಳುತ್ತದೆ. ಇಲ್ಲಿ ಒಂದು ಕಡೆ 32 ಡಿಗ್ರಿ, ಎದುರು ಕಡೆ 34, ನೆತ್ತಿಯ ತೊಲೆ ನಡುವೆ ಕೆಳಕ್ಕೆ ಬಗ್ಗಿದೆ. ಪ್ರತಿ ಪಕಾಸನ್ನೂ ಕ್ಲೌಡ್‌ನ ತೆಳು ಸೀಳಿನಲ್ಲಿ ನೋಡಿ, ಎರಡು ತುದಿ ಹಿಡಿದು, ಒಂದೊಂದಾಗಿ ಬರೆದು ನಂಬರ್ ಕೊಟ್ಟೆವು. ಬೇಸರದ ಕೆಲಸ, ಆದರೆ ಇಡೀ ಮಾಡೆಲ್‌ನಲ್ಲಿ ದುಡ್ಡಿಗೆ ತಕ್ಕ ಕೆಲಸ ಇದೇ.

ಆಚಾರಿ ಬಂದು ಪ್ರಿಂಟ್ ನೋಡಿದರು. "ಸಾರ್, ಈ ಮಿಲಿಮೀಟರ್ ಎಲ್ಲ ಬೇಡ, ಅಡಿ ಇಂಚಲ್ಲಿ ಕೊಡಿ." ಕೊಟ್ಟೆವು. ಆಮೇಲೆ ಹಾಳೆ ಮಡಚಿ ಜೇಬಿಗಿಟ್ಟು, ಉಳಿಯ ಹಿಡಿಯಿಂದ ಒಂದೊಂದು ಪಕಾಸಿಗೂ ತಟ್ಟಿ ಕಿವಿಗೊಟ್ಟರು. ಕ್ಲೌಡ್‌ನಲ್ಲಿ ಎಲ್ಲಕ್ಕಿಂತ ಸೊಟ್ಟಗೆ ಕಂಡ ಎರಡು ಪಕಾಸುಗಳ ಮೇಲೆ ನಾನು ಕೆಂಪು ಗುರುತು ಹಾಕಿದ್ದೆ, ನೋಡಿ ಹೇಳಿ ಅಂತ. "ಇದು ಮರವೇ ಹಾಗೆ ಸಾರ್, ಬೆನ್ನು ಮೇಲೆ ಮಾಡಿ ಕೂರಿಸಿದ್ದಾರೆ. ಇನ್ನೂ ನೂರು ವರ್ಷ ಏನೂ ಆಗಲ್ಲ." ಅಡುಗೆಮನೆ ಕಡೆಯ ಮೂರು ಪಕಾಸು ಕ್ಲೌಡ್‌ನಲ್ಲಿ ದಾರ ಹಿಡಿದಷ್ಟು ನೇರ. ತಟ್ಟಿದರೆ ಟೊಳ್ಳು ಸದ್ದು, ಉಳಿ ಚುಚ್ಚಿದರೆ ಗೆದ್ದಲಿನ ಪುಡಿ. ಲೇಸರ್ ಮರದ ಮೈ ಮಾತ್ರ ನೋಡುತ್ತದೆ, ಮರದ ಒಳಗೆ ಏನಿದೆ ಅಂತ ಅದಕ್ಕೆ ಯಾವತ್ತೂ ಗೊತ್ತಾಗುವುದಿಲ್ಲ. ಹಾಗಾಗಿ ಮಾಡೆಲ್‌ನಲ್ಲಿ ಪ್ರತಿ ಮರಕ್ಕೂ ಇನ್ನೊಂದು ಕಾಲಂ ಸೇರಿಸಿದೆವು: ಆಚಾರಿ ಪರೀಕ್ಷೆ. ಗಟ್ಟಿ, ಅರ್ಧ ಗಟ್ಟಿ, ಬದಲಿಸಿ. ಪಟ್ಟಿ ತೆಗೆದರೆ ಎಷ್ಟು ಮರ, ಎಷ್ಟು ಉದ್ದ ಅಂತ ಸೀದಾ ಬರುತ್ತದೆ. ಮರದ ಅಂಗಡಿಗೆ ಹೋದದ್ದು ಆ ಪಟ್ಟಿಯೇ. ಅಂಗಳದ ಸೊಟ್ಟ ಮೂಲೆಯ ಪಕಾಸನ್ನು ಆಚಾರಿ ಪ್ರಿಂಟ್ ನೋಡಿಯೇ ಕೆಳಗೆ ಕೊಯ್ದು ಮೇಲೇರಿಸಿದರು, ಎರಡನೇ ಸಲ ಕೆಳಗಿಳಿಸಬೇಕಾಗಲಿಲ್ಲ.

ಇನ್ನು ಆಂಟಿಯ ಬಿರುಕು. ಬೆಳೆಯುತ್ತಿದೆಯಾ ಅಂತ ತಿಳಿಯಲು ಒಂದು ಮಳೆಗಾಲ ಕಳೆದು ಮತ್ತೆ ಸ್ಕ್ಯಾನ್ ಮಾಡಿ ಎರಡನ್ನೂ ಹೋಲಿಸಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಎರಡು ಸ್ಕ್ಯಾನ್‌ಗಳನ್ನು ಮನೆಯ ಗೋಡೆಗಳನ್ನೇ ಹಿಡಿದು ಹೊಂದಿಸಿದರೆ, ಇಡೀ ಮನೆ ಗುಡ್ಡದ ಜೊತೆ ಒಂದಿಷ್ಟು ಸರಿದಿದ್ದರೂ ಹೋಲಿಕೆಯಲ್ಲಿ ಕಾಣುವುದೇ ಇಲ್ಲ, ಸಾಫ್ಟ್‌ವೇರ್ ಎರಡನ್ನೂ ಒಂದರ ಮೇಲೊಂದು ಕೂರಿಸಿಬಿಡುತ್ತದೆ. ಹಾಗಾಗಿ ಗುರುತು ಮನೆಯ ಹೊರಗೆ, ಗಟ್ಟಿ ಬಂಡೆಯಲ್ಲಿರಬೇಕು. ಗದ್ದೆ ಕಡೆ ಕಾಣುವ ದೊಡ್ಡ ಬಂಡೆಯಲ್ಲಿ, ಓಣಿಯ ಹತ್ತಿರದ ಇನ್ನೊಂದರಲ್ಲಿ ತೂತು ಕೊರೆದು ಹಿತ್ತಾಳೆ ಮೊಳೆ ಕೂರಿಸಿದ್ದೇವೆ, ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಯಂತ್ರದಿಂದ ಅಳತೆ ಹಿಡಿದಿದ್ದೇವೆ. ಈ ಸ್ಕ್ಯಾನರ್‌ನ ಅಳತೆಯಲ್ಲಿ 6 ಮಿ.ಮೀ. ಆಚೀಚೆ ಇರುವಾಗ 2 ಮಿ.ಮೀ. ಬಿರುಕಿನ ಬೆಳವಣಿಗೆಯನ್ನು ಅದರಿಂದ ಹೇಳಲಾಗುವುದಿಲ್ಲ ಅಂತಲೂ ಆಂಟಿಗೆ ಹೇಳಿದೆ. ಅದಕ್ಕೆ ಬಿರುಕಿನ ಮೇಲೆ ಅಡ್ಡಲಾಗಿ ಗೀರು ಇರುವ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದೆವು, ಕೆಲವು ನೂರು ರೂಪಾಯಿಯ ಸಾಮಾನು. ತಿಂಗಳಿಗೊಮ್ಮೆ ಅವರೇ ಫೋನಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಗೋಡೆ ವಾಲುವುದು, ಮನೆ ಸರಿಯುವುದು ಇಂಥ ದೊಡ್ಡ ಬದಲಾವಣೆಗೆ ಮಾತ್ರ ಸ್ಕ್ಯಾನ್.

ಹೆಂಚು ಮೇ ಮುಗಿಯುವ ಮೊದಲೇ ಮೇಲೇರಿತು. ಬದಲಿಸಿದ ಪಕಾಸುಗಳನ್ನು ಮಾಡೆಲ್‌ನಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿದ್ದೇವೆ. ಮೂಲ ಇ57 ಫೈಲುಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ, ಒಂದು ಪಟ್ಟೆದಾರರ ಬೀರುವಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ರೆವಿಟ್ ಫೈಲ್ ಮುಂದೆ ಯಾವ ಆವೃತ್ತಿಯಲ್ಲಿ ತೆರೆಯುತ್ತದೋ ಹೇಳಲಾಗದು, ಇ57 ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ ಫಾರ್ಮ್ಯಾಟ್, ಅದಕ್ಕೇ ಅದನ್ನು ಒತ್ತಿ ಹೇಳಿ ಕೊಟ್ಟೆ. ಬೆಂಗಳೂರಿನ ಹುಡುಗ ಕೇಳಿದ ಕಂಬದ ಕೆತ್ತನೆ ಇನ್ನೂ ಬಾಕಿ. ಫೋಟೊಗಳಿಂದ ಒಂದು ಕಂಬ ಮಾಡಿ ನೋಡುತ್ತೇನೆ ಅಂತ ಅವನೇ ಕೂತಿದ್ದಾನೆ, ಮಳೆ ನಿಂತ ಮೇಲೆ ಎರಡನೇ ಸ್ಕ್ಯಾನ್‌ಗೆ ಹೋದಾಗ ಉಳಿದ ಫೋಟೊ ತೆಗೆದುಕೊಡುತ್ತೇನೆ ಅಂದಿದ್ದೇನೆ.